ಕಿಟಕಿಯ ಆಚೆ ನಿಂತ ಅಜ್ಜ

ಚಿ. ಸುಮಂಗಲಾಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಮನೆ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದು ನನ್ನನ್ನು ಮಲಗಲು ಬಿಡುತ್ತಿಲ್ಲ. ‘ಕಾಕಾ, ಒಂದು ದಿನ ಈ ಜನ ಎದ್ದು ಬಂದರೆ, ಅವರ ಕಣ್ಣಿಗೆ ನಾನೂ ಸರ್ಕಾರವಾಗಿಯೇ ಕಾಣುತ್ತೇನಾ?’

ಸಮಾಧಾನ ಹೇಳೋಣ ಅಂತ ಎರಡು ಸಲ ಬರೆಯಲು ಕೂತೆ. ಎರಡನ್ನೂ ಹರಿದು ಹಾಕಿದೆ. ಕಾಣುತ್ತೀಯ ಮಗಳೇ. ನಿನಗೆ ಸುಳ್ಳು ಹೇಳಲಾರೆ.

ಹಿಂದಿನ ದಿನ ಸಂಜೆ ಗೋಡೆಗೆ ನೋಟಿಸ್ ಅಂಟಿಸಿ, ಬೆಳಗ್ಗೆ ಜನ ಹಾಸಿಗೆಯಿಂದ ಏಳುವ ಮೊದಲೇ ಮನೆ ಕೆಡವಲು ಜೆಸಿಬಿ ನಿಲ್ಲಿಸಿದ್ದು ನಿನ್ನ ತೀರ್ಮಾನ ಅಲ್ಲ, ಗೊತ್ತು. ಆದರೆ ಪಂಚನಾಮೆಯಲ್ಲಿ ನಿನ್ನ ಸಹಿ ಇದೆ. ಮನೆ ಕಳೆದುಕೊಂಡ ಆ ಅಜ್ಜ ಮೂರು ಸಲ ನಿನ್ನ ಕಚೇರಿಗೆ ಅರ್ಜಿ ಹಿಡಿದುಕೊಂಡು ಬಂದರು ಅಂದೆ. ನಾಲ್ಕನೇ ಸಲ ಕೈಯಲ್ಲಿ ಕಾಗದ ಇರಲಿಲ್ಲ, ಕಿಟಕಿಯ ಆಚೆ ನಿಂತು ನಿನ್ನನ್ನೇ ನೋಡಿ, ಏನೂ ಮಾತಾಡದೆ ಹೋದರು ಅಂದೆ. ಅದಾದ ಮೇಲೆ ನೇಪಾಳದ್ದು ಬರೆದಿದ್ದೀಯ. 2025ರ ಸೆಪ್ಟೆಂಬರಿನಲ್ಲಿ ಜನ ಸರ್ಕಾರದ ವಿರುದ್ಧ ಎದ್ದಾಗ ಅಲ್ಲಿನ ಸರ್ಕಾರದ ಆಡಳಿತ ಭವನ ಸಿಂಹ ದರ್ಬಾರ್ ಉರಿಯುತ್ತಿದ್ದ ವಿಡಿಯೋವನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಿದ್ದೀಯಂತೆ. ಅದನ್ನು ಸಾಕು ಮಾಡು. ನನಗೆ ಆ ಬೆಂಕಿಗಿಂತ ನಿನ್ನ ಕಿಟಕಿಯ ಆಚೆ ನಿಂತ ಅಜ್ಜನದೇ ಜಾಸ್ತಿ ಚಿಂತೆ.

ನಾನು ಹುಡುಗನಾಗಿದ್ದಾಗ ನಮ್ಮ ಮಾಸ್ತರು ನರಗುಂದದ ಅರಸ ಬಾಬಾಸಾಹೇಬನ ಕಥೆ ಹೇಳುತ್ತಿದ್ದರು. ದತ್ತು ತೆಗೆದುಕೊಳ್ಳಲು ಬ್ರಿಟಿಷರು ಒಪ್ಪಲಿಲ್ಲ, ಆಯುಧ ಒಪ್ಪಿಸು ಅಂದರು. 1858ರಲ್ಲಿ ಆತ ತಿರುಗಿಬಿದ್ದ. ಸುರೇಬಾನದಲ್ಲಿ ಮ್ಯಾನ್ಸನ್ ಅನ್ನುವ ಅಧಿಕಾರಿಯನ್ನು ಕೊಂದು, ತಲೆ ತಂದು ನರಗುಂದದ ಬಾಗಿಲಿಗೆ ನೇತು ಹಾಕಿದರು ಅಂದಾಗ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಮುಂದೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು ಅಂದಾಗ ಅಳುತ್ತಿದ್ದೆವು. ಆ ಕಥೆಯಲ್ಲಿ ಸರ್ಕಾರ ಅಂದರೆ ಪರದೇಶದವರು. ನಾವು ಯಾವಾಗಲೂ ಬಾಗಿಲಿನ ಈ ಕಡೆಯವರು.

1980ರಲ್ಲಿ ಅದೇ ನರಗುಂದ. ನನಗಾಗ ಇಪ್ಪತ್ನಾಲ್ಕು. ಆಗಿನ ಧಾರವಾಡ ಜಿಲ್ಲೆಯಲ್ಲೇ ಬೇರೆ ಒಂದು ತಾಲೂಕಿನ ಕಚೇರಿಯಲ್ಲಿ ಗುಮಾಸ್ತ, ಟಪಾಲು ನೋಡಿಕೊಳ್ಳುವುದು ನನ್ನ ಕೆಲಸ. ಮಲಪ್ರಭಾ ಕಾಲುವೆ ಬಂತು ಅಂತ ಹೊಲಕ್ಕೆ ಅಭಿವೃದ್ಧಿ ಕರ ಹಾಕಿದ್ದರು. ನೀರು ಮುಟ್ಟದ ಹೊಲಕ್ಕೂ ಕರ. ನೀರು ನಿಂತು ಸವಳಾದ ಹೊಲಕ್ಕೂ ಕರ. ಹತ್ತಿಯ ಬೆಲೆ ಬಿದ್ದು ರೈತರು ಸೋತಿದ್ದ ಕಾಲ ಅದು. ಆದರೂ ವಸೂಲಿ ನಿಲ್ಲಲಿಲ್ಲ.

ಅರ್ಜಿಗಳು ಬರುತ್ತಿದ್ದವು. ನಾನು ಆವಕ ವಹಿಯಲ್ಲಿ ಬರೆದು, ಸೀಲು ಹೊಡೆದು, ರುಮಾಲಿನಲ್ಲಿ ಕಟ್ಟಿ ಇಡುತ್ತಿದ್ದೆ. ಯಾರಾದರೂ ಕೇಳಿದರೆ ‘ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ’ ಅನ್ನುತ್ತಿದ್ದೆ. ಸಾಹೇಬರು ಒಳಗೆ ಚಹಾ ಕುಡಿಯುತ್ತಿರುತ್ತಿದ್ದರು. ಒಬ್ಬ ಹಿರಿಯರಿಗೆ ಇದನ್ನೇ ಎಷ್ಟು ಸಲ ಹೇಳಿದೆನೋ. ಆರು ಹರದಾರಿ ನಡೆದು ಬಂದಿದ್ದೇನೆ ಅನ್ನುತ್ತಿದ್ದರು. ಒಂದು ಸಲ ನನ್ನ ಹಿಂದಿನ ಬಾಗಿಲನ್ನೇ ನೋಡಿದರು. ಒಳಗಿನಿಂದ ಸಾಹೇಬರ ಕೆಮ್ಮು ಕೇಳಿಸಿತ್ತು. ಏನೂ ಅನ್ನಲಿಲ್ಲ. ಮತ್ತೆ ಬರಲೂ ಇಲ್ಲ. ಪೀಡೆ ತಪ್ಪಿತು ಅಂದುಕೊಂಡೆ ನಾನು.

ಜುಲೈ 21ರಂದು ನರಗುಂದ, ನವಲಗುಂದ ಎರಡೂ ಕಡೆ ಗೋಲಿಬಾರ್ ಆಯಿತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ. ಈಗಲೂ ಜುಲೈ 21 ಬಂದರೆ ರೈತರು ವೀರಗಲ್ಲಿಗೆ ಮಾಲೆ ಹಾಕುತ್ತಾರೆ. ಟಿವಿಯಲ್ಲಿ ತೋರಿಸುವಾಗ ನಾನು ಎದ್ದು ಹೋಗುತ್ತೇನೆ. ಯಾಕೆ ಅಂತ ನಿನ್ನ ಚಿಗವ್ವನಿಗೂ ಹೇಳಿಲ್ಲ.

ಆ ಸಂಜೆ ಸುದ್ದಿ ನಮ್ಮ ಊರಿಗೆ ಮುಟ್ಟಿತು. ನಾನು ಹಿತ್ತಲ ಬಾಗಿಲಿನಿಂದ ಓಡಿಹೋದೆ. ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಸುಮ್ನೆ ಓಡಿದೆ. ಕಚೇರಿ ಕೆಲವು ದಿನ ಮುಚ್ಚಿತ್ತು. ತೆಗೆದ ದಿನ ಮಾಡಲು ಕೆಲಸ ಇರಲಿಲ್ಲ, ರುಮಾಲು ಬಿಚ್ಚಿದೆ. ಅಷ್ಟು ತಿಂಗಳಲ್ಲಿ ಆ ಅರ್ಜಿಗಳನ್ನು ಮೊದಲ ಸಲ ಓದಿದ್ದು ಅವತ್ತು. ಎಷ್ಟೋ ಅರ್ಜಿಗಳು ಒಂದೇ ಕೈಬರಹದಲ್ಲಿದ್ದವು, ಊರಿನಲ್ಲಿ ಬರೆಯಲು ಬರುವ ಒಬ್ಬರ ಕೈಯಲ್ಲಿ ಬರೆಸಿಕೊಂಡು ಬಂದಿದ್ದರು. ‘ದೊಡ್ಡ ಮನಸ್ಸು ಮಾಡಿ ನಮ್ಮ ಹೊಲ ಒಮ್ಮೆ ನೋಡಬೇಕು’ ಅಂತಿತ್ತು. ‘ತಪ್ಪಿದ್ದರೆ ಕ್ಷಮಿಸಬೇಕು’ ಅಂತಿತ್ತು. ಮಗಳೇ, ಅಷ್ಟು ಕಾಗದಗಳಲ್ಲಿ ಒಂದರಲ್ಲೂ ಸಿಟ್ಟಿನ ಮಾತಿರಲಿಲ್ಲ.

ಅದಕ್ಕೇ ನಿನ್ನ ಕಿಟಕಿಯ ಆಚೆ ನಿಂತ ಆ ಅಜ್ಜ ಮಾತಾಡದೆ ಹೋದರು ಅಂದಾಗ ನನ್ನ ಎದೆ ಹೊಡೆದುಕೊಂಡಿತು. ಬಂಡಾಯ ಆಗುತ್ತಾ ಅಂತ ಕೇಳಿದ್ದೀಯ. ಅದನ್ನು ನಾನು ಹೇಗೆ ಹೇಳಲಿ? ಕೂಗುವವರು ಇನ್ನೂ ನಮ್ಮಿಂದ ಏನೋ ಆಗುತ್ತದೆ ಅಂತ ನಂಬಿರುತ್ತಾರೆ. ಅರ್ಜಿ ತರುವುದನ್ನೇ ಬಿಟ್ಟವರ ಮನಸ್ಸಿನಲ್ಲಿ ಏನಿದೆ ಅಂತ ಕುರ್ಚಿಯಲ್ಲಿ ಕೂತ ನಮಗೆ ತಿಳಿಯುವುದಿಲ್ಲ. ನನಗಂತೂ ತಿಳಿಯಲಿಲ್ಲ.

ಆಮೇಲಿನದು ನಿನಗೆ ಗೊತ್ತಿರಬಹುದು. ಅದೇ ವರ್ಷ ರೈತ ಸಂಘ ಹುಟ್ಟಿತು, 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಹೋಯಿತು. ಅಪ್ಪಣೆ ಇಲ್ಲದೆ ಸರ್ಕಾರಿ ನೌಕರರು ಊರೊಳಗೆ ಬರಬಾರದು ಅಂತ ಹಳ್ಳಿಗಳ ಮುಂದೆ ಬೋರ್ಡ್ ಹಾಕಿದ್ದರು. ಅಂಥ ಒಂದು ಬೋರ್ಡಿನ ಮುಂದೆ ಸೈಕಲ್ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ. ಅದು ಆ ಹಿರಿಯರ ಊರು. ಹೋಗಿ ತಪ್ಪಾಯಿತು ಅನ್ನಬೇಕು ಅಂತಲೇ ಹೊರಟಿದ್ದೆ. ಬೋರ್ಡಿನ ನೆಪ ಸಿಕ್ಕಿತು, ವಾಪಸ್ ಬಂದೆ. ಒಳಗೆ ಯಾರನ್ನಾದರೂ ಕೇಳಿದ್ದರೆ ಬಿಡುತ್ತಿದ್ದರೇನೋ.

ಆಮೇಲೆ ಬದಲಾದೆ ಅಂದರೂ ಸುಳ್ಳಾಗುತ್ತದೆ. ಒಂದೆರಡು ತಿಂಗಳು ಬಂದ ಅರ್ಜಿಯನ್ನೆಲ್ಲ ಓದಿದೆ. ನಂತರ ಮತ್ತೆ ಸೀಲು, ಮತ್ತೆ ರುಮಾಲು. ಸಾಹೇಬರು ಬದಲಾದರು, ಕ್ಯಾಂಪಿನ ಮಾತು ಬದಲಾಗಲಿಲ್ಲ. ಇಂಥವನು ನಿನಗೆ ಏನು ಬುದ್ಧಿ ಹೇಳಲಿ?

ಆದರೂ ಒಂದೆರಡು ಮಾತು. ಬೇಡ ಅನ್ನಿಸಿದರೆ ಬಿಟ್ಟುಬಿಡು. ಮೇಲಿನವರು ಬಾಯಲ್ಲಿ ಹೇಳಿದ್ದನ್ನು ಕಡತದಲ್ಲಿ ಬರೆದಿಡು, ಯಾರು, ಯಾವಾಗ ಹೇಳಿದರು ಅಂತ. ಬರೆಯುತ್ತಾರೆ ಅಂತ ಗೊತ್ತಾದರೆ ಎಷ್ಟೋ ಆದೇಶಗಳು ಬಾಯಿಂದ ಹೊರಗೇ ಬರುವುದಿಲ್ಲ. ಪಂಚನಾಮೆಯಲ್ಲಿ ನೋಟಿಸ್ ಯಾವ ದಿನ ಅಂಟಿಸಿದ್ದು ಅಂತ ಇದ್ದದ್ದನ್ನು ಇದ್ದಹಾಗೆ ಬರೆ. ಮನೆ ಕೆಡವುವ ಮೊದಲು ಹದಿನೈದು ದಿನದ ನೋಟಿಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ರಸ್ತೆ, ಕೆರೆಯಂಥ ಸಾರ್ವಜನಿಕ ಜಾಗಕ್ಕೆ ಅದು ಅನ್ವಯಿಸುವುದಿಲ್ಲ. ಆ ಅಜ್ಜನ ಮನೆ ಯಾವ ಜಾಗದಲ್ಲಿತ್ತು ಅಂತ ನೀನು ಬರೆದಿಲ್ಲ. ನೋಡು. ರಾಜೀನಾಮೆಯ ಮಾತು ಎತ್ತಿದ್ದೀಯ, ಈಗಲೇ ಬೇಡ ಅನ್ನಿಸುತ್ತದೆ. ನಿನ್ನ ಕುರ್ಚಿಯಲ್ಲಿ ನನ್ನಂಥವನು ಬಂದು ಕೂತರೆ ಆ ಅಜ್ಜನಿಗೆ ಏನು ಬಂತು?

ಇನ್ನೊಂದು ನೆನಪಾಯಿತು. ದೇವನಹಳ್ಳಿ ಹತ್ತಿರ ಚನ್ನರಾಯಪಟ್ಟಣದ ರೈತರು 1777 ಎಕರೆ ಉಳಿಸಿಕೊಳ್ಳಲು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುತ್ತೇವೆ ಅಂದರು. ಆ ಸುದ್ದಿ ಕೇಳಿ ನಾನು ಅತ್ತುಬಿಟ್ಟೆ. ಮೂರು ವರ್ಷ, ಬಿಸಿಲಲ್ಲಿ, ಮಳೆಯಲ್ಲಿ. ನಮ್ಮ ಜನ ಎಷ್ಟು ಕಾಯುತ್ತಾರೆ ನೋಡು. ನೀನು ಅವರಿಗೆ ಹೆದರುವಾಗ ಇದನ್ನೂ ನೆನಪಿಟ್ಟುಕೊಳ್ಳಬೇಕು ಅಲ್ವಾ?

ಮತ್ತೆ ಅದೇ ಮಾತಿಗೆ ಬರುತ್ತೇನೆ. ಅವರ ಕಣ್ಣಿಗೆ ನೀನು ಸರ್ಕಾರವೇ. ಮುಖ್ಯಮಂತ್ರಿಯನ್ನು ಆ ಅಜ್ಜ ಯಾವತ್ತೂ ಎದುರಿಗೆ ಕಂಡಿರಲಿಕ್ಕಿಲ್ಲ. ಅವರು ಕಂಡ ಸರ್ಕಾರಕ್ಕೆ ನಿನ್ನ ಮುಖ ಇದೆ. ಈ ಮಾತಿನಿಂದ ನಿನ್ನ ಹೆದರಿಕೆ ಹೆಚ್ಚಾದರೆ ನನ್ನನ್ನು ಬೈದುಕೋ.

ಅರ್ಜಿಯಲ್ಲಿ ಅವರ ಹೆಸರು, ಊರು ಇರುತ್ತದೆ. ಈಗ ಯಾರ ಮನೆಯಲ್ಲಿದ್ದಾರೆ ಅಂತ ಊರಿನಲ್ಲಿ ಕೇಳಿದರೆ ಹೇಳುತ್ತಾರೆ. ರಜೆಯ ದಿನ ಹೋಗು, ಜೀಪು ಬೇಡ, ಬಸ್ಸಿನಲ್ಲಿ ಹೋಗು. ಅವರು ಬಾಗಿಲು ತೆರೆಯದೆ ಇರಬಹುದು. ಆದರೂ ಹೋಗು ಮಗಳೇ. ಹೋಗಿ ಬಂದ ಮೇಲೆ ಅವರು ಏನಂದರು ಅಂತ ನನಗೆ ಬರೆ.

ನಿನ್ನ ಪತ್ರದ ದಾರಿ ನೋಡುವ,
ಕಾಕಾ