ಕಂಬಿ ಬದಲಾಯ್ತು, ಪಾಠ ಇನ್ನೂ ಹಳೇದೇ

ಸಂಪಾದಕರಿಗೆ ನಮಸ್ಕಾರ,

ಹೊಸ ಮೆಟೀರಿಯಲ್ ಬಗ್ಗೆ ಬರೋ ಸುದ್ದಿಯೆಲ್ಲಾ ಹಗುರ, ಗಟ್ಟಿ, ತುಕ್ಕು ಹಿಡಿಯಲ್ಲ ಅನ್ನೋದ್ರಲ್ಲೇ ಮುಗಿದುಹೋಗುತ್ತೆ. ಅದನ್ನ ಇಟ್ಕೊಂಡು ಡಿಸೈನ್ ಮಾಡೋ ಇಂಜಿನಿಯರ್‌ಗೆ ಕಾಲೇಜಲ್ಲಿ ಏನು ಕಲಿಸಿದ್ದಾರೆ ಅಂತ ಯಾರೂ ಕೇಳಲ್ಲ.

ಕಾಂಕ್ರೀಟ್ ಒಳಗೆ ಉಕ್ಕಿನ ಕಂಬಿ ಬದಲು ಹಾಕೋ ಗ್ಲಾಸ್ ಫೈಬರ್ ಕಂಬಿನೇ ತಗೊಳ್ಳಿ. ತೂಕ ಉಕ್ಕಿನ ಕಾಲು ಭಾಗದಷ್ಟು, ಎಳೆದ್ರೆ ಮಾಮೂಲಿ ಕಂಬಿಗಿಂತ ಜಾಸ್ತಿ ತಡೆಯುತ್ತೆ, ಉಪ್ಪುನೀರಿನ ಪಕ್ಕ ಕಟ್ಟೋ ಸೇತುವೆಗೆ ನಿಜಕ್ಕೂ ಒಳ್ಳೇದು. ಆದ್ರೆ ಅದು ಸೋಲೋ ರೀತಿನೇ ಬೇರೆ. ಉಕ್ಕು ಮಿತಿ ದಾಟಿದಾಗ ಯೀಲ್ಡ್ ಆಗುತ್ತೆ, ಅಂದ್ರೆ ತಕ್ಷಣ ಮುರಿಯದೆ ಎಳೀತಾ ಎಳೀತಾ ಉದ್ದ ಆಗುತ್ತೆ, ಬೀಮ್ ಜಗ್ಗುತ್ತೆ, ಬಿರುಕು ಕಣ್ಣಿಗೆ ಕಾಣುತ್ತೆ, ಒಳಗಿರೋರಿಗೆ ಹೊರಗೆ ಓಡೋಕೆ ಟೈಮ್ ಸಿಗುತ್ತೆ. ಅದಕ್ಕೇ ಕಾಂಕ್ರೀಟ್ ಪುಡಿಯಾಗೋಕೆ ಮೊದ್ಲು ಕಂಬಿ ಯೀಲ್ಡ್ ಆಗ್ಬೇಕು, ಅಂಡರ್ ರೀಇನ್‌ಫೋರ್ಸ್ಡ್ ಆಗಿ, ಅಂದ್ರೆ ಕಂಬಿ ಒಂದು ಮಿತಿ ಮೀರದ ಹಾಗೆ ಡಿಸೈನ್ ಮಾಡಿ ಅಂತ ಎಲ್ಲಾ ಸ್ಟೂಡೆಂಟ್ಸ್‌ಗೂ ಬಾಯಿಪಾಠ ಮಾಡಿಸ್ತಾರೆ. ಗ್ಲಾಸ್ ಫೈಬರ್ ಯೀಲ್ಡ್ ಆಗೋದೇ ಇಲ್ಲ, ಕೊನೇ ಗಳಿಗೆವರೆಗೂ ಆ ಯೀಲ್ಡ್ ಸುಳಿವು ಕೊಡದೆ ಪಟ್ ಅಂತ ತುಂಡಾಗುತ್ತೆ. ಹಾಗಾಗಿ ಇಲ್ಲಿ ಲೆಕ್ಕ ಉಲ್ಟಾ, ಕಂಬಿ ಹಾಗೆ ತುಂಡಾಗೋದಕ್ಕಿಂತ, ಕಂಬಿ ಜಾಸ್ತಿ ಹಾಕಿ ಕಾಂಕ್ರೀಟೇ ಮೊದ್ಲು ಸೋಲೋ ಹಂಗೆ ನೋಡ್ಕೊಳ್ಳೋದು ವಾಸಿ. ಇನ್ನೊಂದು, ಉಕ್ಕಿನ ಯಂಗ್ಸ್ ಮಾಡ್ಯುಲಸ್, ಅಂದ್ರೆ ಎಳೆದಾಗ ಹಿಗ್ಗದೆ ಬಿಗಿಯಾಗಿ ನಿಲ್ಲೋ ಗುಣದ ಅಳತೆ, 200 ಗಿಗಾಪಾಸ್ಕಲ್ ಆದ್ರೆ ಇದರದ್ದು ಸುಮಾರು 50, ಬೀಮ್ ಮುರಿಯೋದಿರಲಿ, ಅದಕ್ಕೂ ಮುಂಚೆ ಜಗ್ಗೋದೇ ದೊಡ್ಡ ತಲೆನೋವು. ಉದ್ದ ಕಂಬಿಗಳನ್ನ ಸುತ್ತಿ ಹಿಡಿಯೋ ರಿಂಗ್‌ಗಳನ್ನ ಸೈಟಲ್ಲಿ ಬಗ್ಗಿಸೋಕೂ ಆಗಲ್ಲ, ಫ್ಯಾಕ್ಟರಿಯಿಂದಲೇ ಆ ಆಕಾರದಲ್ಲಿ ಬರ್ಬೇಕು.

ನಂಗೆ ಭಯ ಆಗೋದು ಇಲ್ಲೇ. ಫಾರ್ಮುಲಾ ಮಾತ್ರ ಕಲಿತು ಅದರ ಹಿಂದಿನ ಕಾರಣ ಕಲೀದೆ ಇರೋರು ಸಾಫ್ಟ್‌ವೇರಲ್ಲಿ ಒಂದು ನಂಬರ್ ಬದಲಾಯಿಸಿ ಡಿಸೈನ್ ಮುಗೀತು ಅಂತಾರೆ.

ಮೆಕ್ಯಾನಿಕಲ್, ಏರೋದವರಿಗೂ ಇದೇ ಕಥೆ. ಬೋಯಿಂಗ್ 787 ವಿಮಾನದ ತೂಕದಲ್ಲಿ ಅರ್ಧದಷ್ಟು ಕಾಂಪೋಸಿಟ್, ಅಂದ್ರೆ ನಾರಿನ ಪದರಗಳನ್ನ ಅಂಟಿಸಿ ಮಾಡಿದ ಮೆಟೀರಿಯಲ್. ಅಲ್ಯೂಮಿನಿಯಂಗೆ ಏಟು ಬಿದ್ರೆ ನೆಗ್ಗು ಕಾಣುತ್ತೆ, ಕಾಂಪೋಸಿಟ್‌ಗೆ ಬಿದ್ರೆ ಮೇಲೆ ಏನೂ ಕಾಣದೆ ಒಳಗಡೆ ಪದರ ಬಿಟ್ಕೊಂಡಿರಬಹುದು, ಅದನ್ನ ಹಿಡಿಯೋಕೆ ಅಲ್ಟ್ರಾಸೌಂಡ್ ತರದ ಪರೀಕ್ಷೆ ಬೇಕು.

ಇದಕ್ಕೆ ಇನ್ನೊಂದು ಎಲೆಕ್ಟಿವ್ (ಬೇಕಾದವರು ಆರಿಸ್ಕೊಳ್ಳೋ ಸಬ್ಜೆಕ್ಟ್) ಸೇರಿಸಿದ್ರೆ ಪ್ರಯೋಜನ ಇಲ್ಲ, ಪರೀಕ್ಷೆಗೆ ಓದಿ ಮರೀತಾರೆ. ಡಿಸೈನ್ ಕ್ಲಾಸ್ ಒಳಗೇ ಮೆಟೀರಿಯಲ್ ಪಾಠ ಬರ್ಬೇಕು. ಲ್ಯಾಬಲ್ಲಿ ಉಕ್ಕಿನ ಕಂಬಿ ಎಳೆದು ಮುರಿಯೋ ದಿನವೇ ಅದೇ ಮೆಷಿನ್‌ನಲ್ಲಿ ಒಂದು ಗ್ಲಾಸ್ ಫೈಬರ್ ಕಂಬಿನೂ ಹಾಕಿ ಮುರೀಲಿ, ಅದರ ತುದಿ ಮೆಷಿನ್ ಹಿಡಿತಕ್ಕೆ ಪುಡಿಯಾಗದ ಹಾಗೆ ಉಕ್ಕಿನ ಪೈಪ್ ಕೂರಿಸ್ಬೇಕು ಅಷ್ಟೇ. ಎರಡೂ ಗ್ರಾಫನ್ನ ಮಕ್ಕಳೇ ಒಂದೇ ಹಾಳೆ ಮೇಲೆ ಬಿಡಿಸಲಿ. ಸಿಲಬಸ್ ಕಮಿಟಿಯವರು ಮುಂದಿನ ಸಲ ಕೂತಾಗ ದಯವಿಟ್ಟು ಇದನ್ನ ಸೇರಿಸಿ.

ಇಂತಿ,
ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್