ಆ ರಾತ್ರಿ ಕಥೆ ಕೇಳಿದ ಆಯಿಗೆ

ಈ ಡಿಸೆಂಬರ್ 25ರ ಬೆಳಿಗ್ಗೆ ನಮ್ಮ ಮನೆಯವರು ಕೋಲೂರಿಕೊಂಡು, ದಾರಿಯಲ್ಲಿ ಎರಡು ಕಡೆ ಕುಳಿತು ದಣಿವಾರಿಸಿಕೊಂಡು, ಗುಳೇದಗುಡ್ಡದ ನಮ್ಮ ಕ್ರೈಸ್ತ ದೇವಾಲಯದ ಮೆಟ್ಟಿಲು ಹತ್ತಿದರು. ಸಾವಿನ ಬಾಗಿಲವರೆಗೆ ಒಯ್ದ ಅವರ ಕಾಯಿಲೆಯಲ್ಲಿ ಕಳೆದ ಒಂದು ವರ್ಷ ಏನೇನಾಯಿತೆಂಬುದು ಇದನ್ನು ಓದುವ ಬಹುತೇಕರಿಗೆ ಗೊತ್ತೇ ಇದೆ. ಆಸ್ಪತ್ರೆಯ ಆ ವರದಿಗಳನ್ನೂ ಬಿಲ್ಲುಗಳನ್ನೂ ಮತ್ತೆ ಇಲ್ಲಿ ಹರಡಿಕೊಂಡು ಕೂಡುವ ಮನಸ್ಸು ನನಗಿಲ್ಲ. ತೀರಿಸಲಾಗದ ಋಣವನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದಷ್ಟೇ ಬಾಕಿ ಇದೆ.

ರಕ್ತ ಕೊಟ್ಟ ಹುಡುಗರಿಗೆ, ಪಾಳಿಯ ಮೇಲೆ ಬುತ್ತಿ ಕಳಿಸಿದ ಸ್ತ್ರೀಯರ ಸಂಘದವರಿಗೆ, ವಾರಕ್ಕೆರಡು ಸಲ ಬಾಗಲಕೋಟೆಯ ಆಸ್ಪತ್ರೆಗೆ ಬಂದು ಪ್ರಾರ್ಥಿಸಿದ ಸಭಾಪಾಲಕರಿಗೆ, ನನ್ನ ತರಗತಿಗಳನ್ನು ತಾವೇ ಹಂಚಿಕೊಂಡು ನಡೆಸಿದ ಶಾಲೆಯ ಸಹೋದ್ಯೋಗಿಗಳಿಗೆ, ಬಾಡಿಗೆ ಕೇಳದೆ ಓಡಾಡಿಸಿದ ಆಟೋದವರಿಗೆ ಕೈಮುಗಿಯುತ್ತೇನೆ. ಇಷ್ಟೊಂದು ಜನರನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆನೆಂದು ಯಾರೂ ಬೇಸರಿಸಬಾರದು. ಉಳಿದ ಜಾಗವೆಲ್ಲ ಪಕ್ಕದ ಮನೆಯ ಆಯಿಗೆ ಬೇಕಾಗಿದೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1851ರಲ್ಲಿ ನೆಲೆಯೂರಿದ ಈ ಊರಿಗೆ ಕ್ರಿಸ್ಮಸ್ ಹೊಸ ಹಬ್ಬವೇನಲ್ಲ. ದೀಪಾವಳಿಗೆ ಆಯಿಯ ಮನೆಯ ಕರ್ಚಿಕಾಯಿ ಈ ಕಡೆಗೂ, ಡಿಸೆಂಬರಿನಲ್ಲಿ ನಮ್ಮ ಮನೆಯ ಕೇಕು ಆ ಕಡೆಗೂ ಗೋಡೆಯ ಮೇಲಿಂದ ದಾಟುತ್ತಲೇ ಇದ್ದವು. ಆದರೆ ಈ ಹಬ್ಬ ಏತಕ್ಕೆಂದು ಅವರು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ನನಗಾದರೂ ಅದು ನೆನಪಿತ್ತೇ ಎಂದರೆ ಅನುಮಾನ. ಇಪ್ಪತ್ತು ವರ್ಷ ಸಂಡೆ ಸ್ಕೂಲ್ ನಡೆಸಿದ ನನ್ನ ಪಾಲಿಗೆ ಕ್ರಿಸ್ಮಸ್ ಎಂದರೆ ಮಕ್ಕಳ ನಾಟಕದ ತಾಲೀಮು, ಯೇಸುವಿನ ತಾಯಿ ಮರಿಯಳ ಪಾತ್ರ ತಮ್ಮ ಮಗಳಿಗೇ ಬೇಕೆನ್ನುವ ತಾಯಂದಿರ ಜಗಳ, ಸುಟ್ಟುಹೋದ ನಕ್ಷತ್ರದ ಬಲ್ಬು ಮತ್ತು ಹೊಸ ಸೀರೆಗೆ ಹೊಂದುವ ರವಿಕೆಯ ಖಣ, ಇಷ್ಟೇ ಆಗಿತ್ತು. ಆರಾಧನೆ ಮುಗಿದು ಮನೆಗೆ ಬಂದರೆ ಸಾಕಪ್ಪಾ ಅನಿಸುತ್ತಿತ್ತು.

ಕಳೆದ ವರ್ಷದ ಡಿಸೆಂಬರ್ 24ರ ಸಂಜೆ ವೈದ್ಯರು ಇಂದಿನ ರಾತ್ರಿ ದಾಟಬೇಕು ಎಂದಷ್ಟೇ ಹೇಳಿ ಹೋದರು. ಸುದ್ದಿ ತಿಳಿದ ಆಯಿ ಅರ್ಧ ನೇಯ್ದ ಖಣವನ್ನು ಮಗ್ಗದಲ್ಲಿಯೇ ಬಿಟ್ಟು, ಒಂದು ಕೌದಿ, ನಾಲ್ಕು ರೊಟ್ಟಿ ಕಟ್ಟಿಕೊಂಡು ಕಡೆಯ ಬಸ್ಸಿಗೆ ಬಂದರು. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ನನ್ನ ಕಾಲಿಗೆ ಕೌದಿ ಹೊದಿಸಿ, ನಿದ್ದೆಗೆ ಜಾರಬಾರದೆಂದೋ ಏನೋ, "ಇವತ್ತ ನಿಮ್ಮ ಹಬ್ಬ ಅಲ್ಲೇನ ತಂಗಿ, ಅದರ ಕಥಿ ಹೇಳು" ಎಂದರು.

ನಾನು ಬಾಯಿಪಾಠ ಒಪ್ಪಿಸುವವಳಂತೆ ಬೈಬಲ್ಲಿನ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಶುರು ಮಾಡಿದೆ: ರೋಮನ್ ಚಕ್ರವರ್ತಿ ಕೈಸರನ ಖಾನೇಷುಮಾರಿ, ನಜರೇತಿನಿಂದ ಬೇತ್ಲೆಹೇಮಿನವರೆಗೆ ತುಂಬು ಗರ್ಭಿಣಿಯ ಪ್ರಯಾಣ, ಇಳಿದುಕೊಳ್ಳಲು ಸಿಗದ ಸ್ಥಳ. ಆಯಿ ಮೊದಲು ಹುಟ್ಟಿದ ತಿಥಿ ಕೇಳಿದರು. ತಿಥಿಯನ್ನು ಸುವಾರ್ತೆಗಳು ಬರೆದಿಲ್ಲ, ಡಿಸೆಂಬರ್ 25 ಎಂಬುದು ಕ್ರಿ.ಶ. 354ರ ಒಂದು ರೋಮನ್ ಪಂಚಾಂಗದಲ್ಲಿ ಸಿಗುತ್ತದೆ ಎಂದೆ. ಅವರಿಗೆ ಅದು ಅಷ್ಟು ರುಚಿಸಲಿಲ್ಲ. ಕೂಸನ್ನು ಗೋದಲಿಯಲ್ಲಿ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿಯಲ್ಲಿ, ಮಲಗಿಸಿದ ಮಾತು ಬಂದಾಗ ಮಾತ್ರ ನೆಟ್ಟಗೆ ಕುಳಿತರು.

"ಗ್ವಾದ್ಲಿ ಇತ್ತಂದ್ರ ಅದು ಮನಿನ ಬಿಡು. ನಾನೂ ದನದ ಅಂಕಣದಾಗ ಹಡದಾಕಿ. ಹಸಿ ಬಾಣಂತಿಗೆ ನೀರು ಕಾಸಿ ಕೊಟ್ಟವ್ರು ಯಾರು?"

ಇಪ್ಪತ್ತು ವರ್ಷದಲ್ಲಿ ಯಾವ ಮಗುವೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ತಲಬಾಗಿಲು ದಾಟಿದೊಡನೆ ದನ ಕಟ್ಟುವ ತಗ್ಗಿನ ಅಂಕಣ, ಅದರ ಮೇಲಿನ ಕಟ್ಟೆಯಲ್ಲಿ ಮನುಷ್ಯರ ವಾಸ, ಇದು ನಮ್ಮ ಕಡೆಯ ಹಳೆಯ ಮನೆಗಳ ರೀತಿ; ಬೇತ್ಲೆಹೇಮ್ ಇರುವ ಯೂದಾಯ ಸೀಮೆಯ ಹಳ್ಳಿಮನೆಗಳೂ ಹೀಗೆಯೇ ಇದ್ದವೆಂದು ಬಲ್ಲವರು ಹೇಳಿದ್ದನ್ನು ಓದಿಯೂ ನಾನು ಪ್ರತಿ ವರ್ಷ ಥರ್ಮಾಕೋಲಿನ ಗುಡಿಸಲಿಗೆ ಹತ್ತಿ ಅಂಟಿಸಿ ಹಿಮ ಬೀಳಿಸುತ್ತಿದ್ದೆ. ಆಯಿಯ ಪ್ರಶ್ನೆಯ ಎದುರು ಆ ಹತ್ತಿಯೆಲ್ಲ ಉದುರಿ, ಹೆರಿಗೆಯಾದ ಒಬ್ಬ ಹುಡುಗಿ, ಅಳುವ ಹಸುಗೂಸು, ಸಗಣಿಯ ವಾಸನೆ ಉಳಿದವು. ಬೇತ್ಲೆಹೇಮ್ ಎಂದರೆ ಇಬ್ರಿಯ, ಅಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದು ಹೇಳಿದಾಗ ಆಯಿ ಗಂಟು ಬಿಚ್ಚಿ ಅರ್ಧ ರೊಟ್ಟಿ ನನ್ನ ಕೈಗಿಟ್ಟರು. ಎರಡು ದಿನದ ಮೇಲೆ ನಾನು ತಿಂದ ಮೊದಲ ತುತ್ತು ಅದು.

ಮಗುವಿನ ಹೆಸರು ಕೇಳಿದರು. ಯೇಸು ಎಂದೆ, ಇಮ್ಮಾನುವೇಲ್ ಎಂದೂ ಕರೆಯುತ್ತಾರೆ ಎಂದೆ. ಅದರ ಅರ್ಥ 'ದೇವರು ನಮ್ಮ ಕೂಡ ಇದ್ದಾನೆ' ಎಂದು ಹೇಳಲು ಹೋದಾಗ ಬಾಯಿ ಏಳಲಿಲ್ಲ. ಗಾಜಿನ ಆಚೆ ನಮ್ಮ ಮನೆಯವರು ಉಸಿರಿಗಾಗಿ ಒದ್ದಾಡುತ್ತಿದ್ದರು. ಯಾರು ಕೂಡ ಇದ್ದಾರೆ, ಎಲ್ಲಿದ್ದಾರೆ? ಆ ಗಳಿಗೆಯಲ್ಲಿ ನಾನು ದೇವರನ್ನು ನಂಬುತ್ತಿರಲಿಲ್ಲ, ದ್ವೇಷಿಸುತ್ತಿದ್ದೆ ಎಂಬುದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ದನಿ ತೆಗೆದು ಅತ್ತೆ. ಗದ್ದಲ ಮಾಡಬೇಡಿರೆಂದು ಗದರಲು ಬಂದವನಿಗೆ ಆಯಿ, "ಅಳ್ಲಿ ಬಿಡಪಾ, ನಿನಗೇನು ತ್ರಾಸು" ಎಂದರು. ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ನನ್ನ ಅಳು ತಗ್ಗಿದ ಮೇಲೆ, "ಮುಂದ ಏನಾತು, ಹೇಳು" ಎಂದರು.

ಮುಂದೆ ಕುರುಬರು ಬಂದರು. ಅವರ ಪರಿಚಯ ಆಯಿಗೆ ಬೇಕಿರಲಿಲ್ಲ. ಸುಗ್ಗಿಯಾದ ಹೊಲಗಳಲ್ಲಿ ಕುರಿ ತರುಬಿ ಚಳಿಯಲ್ಲಿ ರಾತ್ರಿ ಕಾಯುವವರನ್ನು ಅವರು ಜೀವಮಾನವೆಲ್ಲ ನೋಡಿದ್ದಾರೆ. "ಕೂಸಿಗೆ ಒಂದು ಕಂಬಳಿನರ ಹೊಚ್ಚಿರಬೇಕು" ಎಂದು ತಾವೇ ಸೇರಿಸಿದರು. ಕೂಸು ಹುಟ್ಟಿತೆಂಬ ದೇವದೂತರ ಸುದ್ದಿ ಅರಮನೆಗೆ ಹೋಗದೆ ಇಂಥವರ ಬಳಿಗೆ ಏಕೆ ಬಂತೆಂದು ಪ್ರತಿ ವರ್ಷ ಮಕ್ಕಳಿಗೆ ವಿವರಿಸುತ್ತಿದ್ದ ನನಗೆ, ಆ ನಸುಕಿನಲ್ಲಿ ಅದನ್ನು ಯಾರೋ ಹೊಸದಾಗಿ ತಿಳಿಸಿದಂತಾಯಿತು. ಬೆಳಗಾದಾಗ ವೈದ್ಯರು ಒಳ್ಳೆಯ ಸುದ್ದಿಯನ್ನೇನೂ ಕೊಡಲಿಲ್ಲ, ಇನ್ನೂ ಕಾಯಬೇಕು ಎಂದರು. ಆದರೂ ನನ್ನೊಳಗೆ ಸಂತೋಷದಂಥದ್ದೇನೋ ಇತ್ತು, ಅದನ್ನು ಕಂಡು ನನಗೇ ನಾಚಿಕೆಯಾಯಿತು.

ಈ ವರ್ಷದ ನಾಟಕದಲ್ಲಿ ಹತ್ತಿಯ ಹಿಮ ಇರಲಿಲ್ಲ. ಸುವಾರ್ತೆಯಲ್ಲಿ ಇಲ್ಲದ, ನೀರು ಕಾಸುವ ಮುದುಕಿಯ ಪಾತ್ರವೊಂದನ್ನು ಸಭಾಪಾಲಕರ ಒಪ್ಪಿಗೆ ಪಡೆದು ಸೇರಿಸಿದೆ. ಕೊನೆಯ ಬೆಂಚಿನಲ್ಲಿ ಕುಳಿತು ನೋಡಿದ ಆಯಿ ತಮ್ಮ ಪಾತ್ರದ ಬಗ್ಗೆ ಏನೂ ಹೇಳಲಿಲ್ಲ. ನಾಟಕ ಮುಗಿದ ಮೇಲೆ ಸೆರಗಿನ ಮರೆಯಿಂದ ಅಂಟಿನುಂಡಿಯ ಡಬ್ಬಿ ತೆಗೆದು, ಮರಿಯಳ ವೇಷದಲ್ಲಿದ್ದ ಏಳನೆಯ ತರಗತಿಯ ಹುಡುಗಿಯ ಕೈಗೆ ಎರಡು ಉಂಡಿ ಇಟ್ಟು, "ಹಸಿ ಬಾಣಂತಿ, ತಿನ್ನ ಮೊದಲ" ಎಂದರು.