ಸಾಲಿಲ್ಲದ ಕಾಡು

ಪ್ರಿಯ ಓದುಗರೇ,

ಗಣೇಶ ಹಬ್ಬದ ಊಟದ ದಿನ ನಮ್ಮ ಕನ್ನಡ ತರಗತಿಯ ಪುಟ್ಟಿಯೊಬ್ಬಳು ಅಜ್ಜನ ಮನೆಯ ಫೋಟೊ ತೋರಿಸಿದಳು. ಶಿರಸಿ ಕಡೆಯ ಬೆಟ್ಟ. "ಇಲ್ಲಿ ಮರ ಯಾಕೆ ಸಾಲಾಗಿಲ್ಲ ಆಂಟಿ? ಯಾರೂ ಸರಿಯಾಗಿ ನೆಟ್ಟಿಲ್ವಾ?" ಅಂದಳು. ಸಂಚಿಕೆ ನಾಳೆಯೇ ಹೋಗಬೇಕು. ಬೇರೇನೋ ಬರೆಯೋಣ ಅಂತಿದ್ದೆ, ಈ ಮಾತು ಬಿಡಲಿಲ್ಲ.

ಸ್ವೀಡನ್ನಿನಲ್ಲಿ ಹುಟ್ಟಿದ ಮಗು ಹಾಗೆ ಕೇಳುವುದು ಸಹಜ. ಇಲ್ಲಿನ ನೆಲದಲ್ಲಿ ನೂರಕ್ಕೆ ಸುಮಾರು 70 ಭಾಗ ಕಾಡು. ಮರ ಕಡಿದರೆ ಮತ್ತೆ ಬೆಳೆಸಲೇಬೇಕು ಅಂತ 1903ರಲ್ಲೇ ಕಾನೂನು ಬಂತು. ಆಮೇಲೆ ನೂರು ವರ್ಷದಲ್ಲಿ ಕಾಡಿನಲ್ಲಿ ನಿಂತ ಮರದ ಪ್ರಮಾಣ ಹೆಚ್ಚುಕಡಿಮೆ ಎರಡರಷ್ಟಾಯಿತು. ಪ್ರಪಂಚದ ಕಾಡಿನಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಈ ದೇಶ ಹಲಗೆ, ಕಾಗದ ಮಾರುವುದರಲ್ಲಿ ಮುಂದಿನ ಸಾಲಿನಲ್ಲಿದೆ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಮರದಲ್ಲಿ ನೂರಕ್ಕೆ 80ರಷ್ಟು ಎರಡೇ ಜಾತಿ, ಸ್ಪ್ರೂಸ್ ಮತ್ತು ಪೈನ್. ಗುಡ್ಡ ಬೋಳಿಸಿ, ಸಸಿ ನೆಟ್ಟು, ಅರವತ್ತು, ಎಂಬತ್ತು, ನೂರು ವರ್ಷ ಕಾದು ಮತ್ತೆ ಕಡಿಯುತ್ತಾರೆ.

ನಮ್ಮ ಸೊಪ್ಪಿನ ಬೆಟ್ಟದ ಬದುಕೇ ಬೇರೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೊಪ್ಪು ಬಳಸುವ ಹಕ್ಕು ಬ್ರಿಟಿಷರ ಕಾಲದಿಂದ ಇದೆ. ಅಪ್ಪಯ್ಯ ಮತ್ತಿ ಮರ ಹತ್ತಿ ಕತ್ತಿಯಲ್ಲಿ ರೆಂಬೆ ಸವರುತ್ತಿದ್ದ. ತುದಿ ಮಾತ್ರ ಮುಟ್ಟುತ್ತಿರಲಿಲ್ಲ, ಮರ ಮತ್ತೆ ಚಿಗುರಬೇಕಲ್ಲ. ಕೆಳಗೆ ಆಯಿ ಹೊರೆ ಕಟ್ಟುತ್ತಿದ್ದಳು. ಬೇಸಿಗೆ ಬಂತೆಂದರೆ ಮಕ್ಕಳೆಲ್ಲ ಸೇರಿ ದರಕು (ಉದುರಿದ ಒಣ ಎಲೆ) ಗುಡಿಸುವುದು. ಅದು ಕೊಟ್ಟಿಗೆಯಲ್ಲಿ ಹಾಸಾಗಿ, ಗಂಜಲ ಕುಡಿದು, ಗುಂಡಿಯಲ್ಲಿ ಕೊಳೆತು, ಕಡೆಗೆ ಅಡಿಕೆ ಮರದ ಬುಡ ಸೇರುತ್ತಿತ್ತು. ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಆರಿಸಿ ತಂದು, ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸುತ್ತಿದ್ದೆವು. ಅಡುಗೆಮನೆ ತುಂಬ ಹುಳಿ ವಾಸನೆ, ಕಣ್ಣು ಉರಿಯುವಷ್ಟು ಹೊಗೆ. ಮತ್ತಿ, ಹೊನ್ನೆ, ನಂದಿ, ನೇರಳೆ, ಮುರುಗಲು ಎಲ್ಲ ಒಂದರ ಪಕ್ಕ ಒಂದು. ಯಾರೂ ನೆಟ್ಟದ್ದಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತದ್ದು ಇಂಥ ಕಾಡಿಗಾಗಿ. ಕಾಡು ಸವರಿ ಸಾಗುವಾನಿ ಸಾಲು ನೆಟ್ಟರೆ ನಾಟಾ (ಮರಮುಟ್ಟು) ಸಿಗುತ್ತೆ, ಸೊಪ್ಪು, ಜೇನು, ಬೇಸಿಗೆಯ ನೀರು ಸಿಗಲ್ಲ ಅಂತ ಅವರಿಗೆ ಗೊತ್ತಿತ್ತು.

ಹಾಗಾಗಿ ಭಾರತದ ನೆಲದಲ್ಲಿ ಕಾಡು ನೂರಕ್ಕೆ 21.76 ಭಾಗ ಎಂಬ ಸಂಖ್ಯೆ (2023ರ ಅರಣ್ಯ ವರದಿ) ನೋಡಿ ಮಕ್ಕಳು ಸಪ್ಪಗಾದರೆ, ಸಂಖ್ಯೆಯ ಒಳಗೇನಿದೆ ಅಂತಲೂ ಹೇಳಿ. ಉಪಗ್ರಹದ ಆ ಲೆಕ್ಕದಲ್ಲಿ ಅಕೇಶಿಯಾ ನೆಡುತೋಪೂ ಕಾಡೇ, ತಾನಾಗಿ ಬೆಳೆದ ಹಳೆಯ ದಟ್ಟ ಕಾನೂ ಕಾಡೇ. ನಾಟಾದ ಲೆಕ್ಕವೂ ಅಷ್ಟೇ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 400 ಕೋಟಿ ಘನ ಮೀಟರ್ ಮರ ಕಡಿಯುತ್ತಾರೆ, ಅದರಲ್ಲಿ ಅರ್ಧದಷ್ಟು ಸೌದೆ. ಆಫ್ರಿಕಾದಲ್ಲಂತೂ ಹತ್ತರಲ್ಲಿ ಒಂಬತ್ತು ಪಾಲು. ಹಲಗೆಯ ಪಟ್ಟಿಯಲ್ಲಿ ಕೆಳಗಿರುವ ಊರುಗಳಲ್ಲಿ ಅನ್ನ ಬೇಯುವುದೇ ಆ ಮರದಲ್ಲಿ.

ಜಾಗ ಮುಗಿಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ. ನಾಟಕಕ್ಕೆ ಇನ್ನೂ ಇಬ್ಬರು ಬೇಕು. ಕನ್ನಡ ತರಗತಿ ಇನ್ನು ಮುಂದೆ ಭಾನುವಾರ ಬೆಳಗ್ಗೆ. ವಾರ್ಷಿಕ ಚಂದಾ ಬಾಕಿ ಇರುವವರು ಖಜಾಂಚಿಗಳಿಗೆ ತಲುಪಿಸಿ. ದೀಪಾವಳಿ ಊಟಕ್ಕೆ ಹೆಸರು ಬೇಗ ಕೊಡಿ, ಎಷ್ಟು ಅಕ್ಕಿ ನೆನೆಸಬೇಕೋ ತಿಳಿಯಬೇಕು. ಪುಟ ಜೋಡಿಸುವುದು, ಕರಡು ತಿದ್ದುವುದು ಎರಡೂ ಈಗ ನನ್ನ ಮೇಲೇ ಇದೆ. ಕೆಲಸ ಮುಗಿಸಿ ಬಂದು ರಾತ್ರಿ ಕೂತರೆ ಕಣ್ಣು ಮುಚ್ಚಿಹೋಗುತ್ತದೆ. ಯಾರಾದರೂ ಒಬ್ಬರು ಕೈ ಜೋಡಿಸಿ, ದಯವಿಟ್ಟು.

ಮುಂದಿನ ಶನಿವಾರ ಮಕ್ಕಳನ್ನು ಲಿಂಗೊನ್ ಎಂಬ ಪುಟ್ಟ ಕೆಂಪು ಕಾಡುಹಣ್ಣು ಕೀಳಲು ಕಾಡಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಮಲೆನಾಡು, ಕೊಡಗು, ಕಾರವಾರದ ಕಡೆಯವರು ಜೊತೆಗೆ ಬನ್ನಿ. ನಿಮ್ಮೂರ ಬೆಟ್ಟದಲ್ಲಿ ಏನೇನು ಸಿಗುತ್ತಿತ್ತು ಅಂತ ನಡೆಯುತ್ತಾ ಮಕ್ಕಳಿಗೆ ಹೇಳಿ. ನೆಲ ಒದ್ದೆ ಇರುತ್ತದೆ, ಬೂಟು ಹಾಕಿಕೊಂಡೇ ಬನ್ನಿ.

– ಸಂಪಾದಕಿ